ಖಜೂರಿ ನಾಕಾದಲ್ಲಿ ಮೊದಲ ಮಾತು

ಬೇರೆಯವರ ಮಕ್ಕಳ ವಿಷಯದಲ್ಲಿ ತಾಳ್ಮೆಯಿಂದಿರುವುದು ಅಂಥ ಕಷ್ಟದ ಕೆಲಸವಲ್ಲ. ನಾನು ಆಳಂದದ ಶಾಲೆಯಲ್ಲಿ ಒಂದನೆಯ ತರಗತಿಯ ಮಾಸ್ತರನಾಗಿದ್ದೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಸಂಸ್ಥಾನದ ಸರಕಾರಿ ಭಾಷೆಯಾದ ಉರ್ದುವಿನ ಅಲಿಫ್ ಬೇ ಅಕ್ಷರ ಕಲಿಸುವುದು ನನ್ನ ಪಾಲಿಗೆ ಬಂದ ಉದ್ಯೋಗ. ಆರು ತಿಂಗಳಾದರೂ ಅಲಿಫ್ ದಾಟದ ಹುಡುಗನಿದ್ದರೆ ಅವನ ತಂದೆಯನ್ನು ಕೂರಿಸಿಕೊಂಡು, "ಅವಸರ ಮಾಡಬ್ಯಾಡ್ರಿ, ತಾನಾಗೇ ಬರ್ತದ" ಎಂದು ಹೇಳುತ್ತಿದ್ದೆ. ಸಂಜೆ ಶಾಲೆಗೆ ಬೀಗ ಹಾಕುವಾಗ ಈ ತಾಳ್ಮೆಯನ್ನೂ ಒಳಗೇ ಬಿಟ್ಟು ಬರುತ್ತಿದ್ದೆನೆಂದು ಕಾಣುತ್ತದೆ. ಏಕೆಂದರೆ ಮನೆಯಲ್ಲಿ ನನ್ನ ಮಗ ಸಿದ್ದು ನಾಲ್ಕು ವರ್ಷದವನಾಗಿದ್ದ. ಇನ್ನೂ ಒಂದು ಮಾತು ಆಡಿರಲಿಲ್ಲ.

ಕಿವಿ ಚೆನ್ನಾಗಿ ಕೇಳುತ್ತಿತ್ತು. ಅಟ್ಟದ ಮೇಲೆ ಬೆಲ್ಲದ ಗಡಿಗೆಯ ಮುಚ್ಚಳ ಸರಿದರೆ ಅಂಗಳದಿಂದ ಓಡಿ ಬರುತ್ತಿದ್ದ. ಬೇಕಾದುದನ್ನು ಬೆರಳಿನಿಂದ ತೋರಿಸುತ್ತಿದ್ದ, ಬೇಡವಾದುದಕ್ಕೆ ತಲೆ ಅಲ್ಲಾಡಿಸುತ್ತಿದ್ದ. ಅವನ ವ್ಯವಹಾರವೆಲ್ಲ ಇಷ್ಟರಲ್ಲೇ ಸಲೀಸಾಗಿ ನಡೆದಿತ್ತು. ನಡೆಯದೆ ಇದ್ದದ್ದು ನನ್ನದು. ಓಣಿಯವರು "ಮಾಸ್ತರ ಮಗನಿಗೇ ಮಾತಿಲ್ಲಂತ" ಎಂದು ಆಡಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತಿತ್ತು. ನಾಲಿಗೆಗೆ ಬಜೆ ತೇಯ್ದು ಹಚ್ಚಿಸಿದೆ. ಜಿಡಗಾದ ಮಠಕ್ಕೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹಿರಿಯರೊಬ್ಬರು ಅವನ ಹಣೆಗೆ ವಿಭೂತಿ ಹಚ್ಚಿ, ನನ್ನ ಮುಖವನ್ನೇ ನೋಡುತ್ತ, "ಕೂಸು ಚಲೋ ಅದ. ನಿನಗೇನಾಗ್ಯದ?" ಎಂದು ಕೇಳಿದರು. ಅದಕ್ಕೂ ನನಗೆ ಬುದ್ಧಿ ಬರಲಿಲ್ಲ. ದಿನಾ ಬೆಳಿಗ್ಗೆ ಅವನನ್ನು ಎಮ್ಮೆಯ ಮುಂದೆ ನಿಲ್ಲಿಸಿ "ಎಮ್ಮಿ ಅನ್ನಪಾ, ಎಮ್ಮಿ" ಎಂದು ಇಪ್ಪತ್ತು ಸಲ ಹೇಳುತ್ತಿದ್ದೆ. ಒಂದು ದಿನ ಬೇಸತ್ತು ಎಮ್ಮೆಯೇ ಉತ್ತರ ಕೊಟ್ಟಿತು. ಸಿದ್ದು ನಕ್ಕ, ಮಾತಾಡಲಿಲ್ಲ.

"ಯಾಕ ಹಿಂಗ ಕೂಸಿನ ಜೀವ ತಿನ್ನಾಕತ್ತೀರಿ? ಅವನೊಳಗ ಮಾತು ಕೂಡಾಕತ್ತಾವ. ತುಂಬಿದ ಮ್ಯಾಲ ಹೊರಗ ಬರ್ತಾವ" ಎಂದು ನನ್ನ ಹೆಂಡತಿ ಗೌರವ್ವ ಗದರಿಸುತ್ತಿದ್ದಳು. ಶಾಲೆಯಲ್ಲಿ ನಾನು ಹೇಳುತ್ತಿದ್ದುದೂ ಅದೇ. ಮನೆಯಲ್ಲಿ ಹೆಂಡತಿಯ ಬಾಯಿಂದ ಕೇಳಿದರೆ ಅದು ಅಜ್ಞಾನದ ಮಾತಿನಂತೆ ಕೇಳಿಸುತ್ತಿತ್ತು.

ನಲವತ್ತೆಂಟರ ಬೇಸಿಗೆಯ ಹೊತ್ತಿಗೆ ನಮ್ಮ ಕಡೆ ದಿನಗಳು ಕೆಟ್ಟವು. ರಜಾಕಾರರ ಭಯಕ್ಕೆ ಒಂದೊಂದೇ ಮನೆ ಬಾಗಿಲು ಹಾಕಿಕೊಂಡು ಸಂಸ್ಥಾನದ ಗಡಿಯಾಚೆ ಹೋಗತೊಡಗಿತ್ತು. ಗೌರವ್ವನ ತವರು ಗಡಿಯಾಚೆಗೇ ಇತ್ತು. ಶಾಲೆಗೆ ರಜೆ ಬಿಟ್ಟಿದ್ದೇ ನಾವೂ ಗಾಡಿ ಹೂಡಿದೆವು. ಅವಳ ಬಳಿ ಇದ್ದ ಒಂದೇ ಒಡವೆ, ತಾಯಿ ಕೊಟ್ಟ ಬಂಗಾರದ ಗುಂಡಿನ ಬೋರಮಾಳ ಸರ. ಗಡಿಯಲ್ಲಿ ಕಸಿದುಕೊಂಡಾರೆಂದು ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಸಿದ್ದು ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. ಮಾತಾಡದ ಕೂಸು; ಅವನಿಂದ ಮರೆಮಾಡಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಖಜೂರಿಯ ಸುಂಕದ ನಾಕಾದಲ್ಲಿ ಗಾಡಿ ನಿಲ್ಲಿಸಿದರು. ಬಿಳಿ ಗಡ್ಡದ ಜವಾನನೊಬ್ಬ ಕೋಲು ಹಿಡಿದು ಹತ್ತಿರ ಬಂದ. ಕೋಟು ಟೋಪಿ ನೋಡಿಯೇ ನನ್ನ ಉದ್ಯೋಗ ತಿಳಿದುಕೊಂಡ. "ಎಲ್ಲಿಗ್ರಿ ಮಾಸ್ತರ್ ಸಾಬ್? ಸಾಮಾನು ಏನೇನದ?"

"ಏನಿಲ್ರಿ ಚಾಚಾ, ಹಾಸಿಗಿ, ಉಡೂ ಅರಬಿ" ಎಂದೆ. ಆತ ಒಪ್ಪಿದಂತೆ ಕಾಣಲಿಲ್ಲ. ಆಗ ನನಗೆ ಏನು ತೋಚಿತೋ, ಸಿದ್ದುವಿನ ತಲೆಯ ಮೇಲೆ ಕೈಯಿಟ್ಟು, "ಕೂಸಿಗೆ ಬಾಯಿಲ್ಲರಿ, ಮೂಕ. ಇವನ ಅಜ್ಜಿ ಊರಾಗ ಔಷಧ ಕೊಡ್ತಾರಂತ, ಅದಕ್ಕ ಹೊಂಟೇವಿ" ಎಂದೆ. ಗೌರವ್ವ ನನ್ನನ್ನು ಸುಡುವಂತೆ ನೋಡಿದಳು. ಜವಾನ "ಅಯ್ಯೋ ಪಾಪ" ಎಂದ. ಆದರೂ ನೌಕರಿಯೆಂದರೆ ನೌಕರಿ, ಗಾಡಿಯ ಹುಲ್ಲಿನಲ್ಲಿ ಕೋಲು ಚುಚ್ಚಿ ನೋಡತೊಡಗಿದ.

"ಅಲ್ಲಿಲ್ಲ" ಎಂದಿತು ಒಂದು ಸಣ್ಣ ದನಿ. "ಅವ್ವನ ಸರ ಹಿಟ್ಟಿನ ಡಬ್ಬ್ಯಾಗ ಅದ."

ಗೌರವ್ವ ಸರ, ನಾಕಾ, ಜವಾನ ಎಲ್ಲವನ್ನೂ ಮರೆತು, "ಮಾತಾಡ್ತಲ್ರೀ! ನನ ಕೂಸು ಮಾತಾಡ್ತು!" ಎಂದು ಅವನನ್ನು ಎದೆಗೆ ಅವಚಿಕೊಂಡು ಅತ್ತಳು. ನನಗಾದದ್ದು ಸಂತೋಷವೋ ಹೆದರಿಕೆಯೋ ಇವತ್ತಿಗೂ ಹೇಳಲಾರೆ.

ಜವಾನ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಮ್ಮನ್ನೇ ನೋಡುತ್ತ ನಿಂತ. "ಮೊದಲನೇ ಸಲಾ ಏನ್ರಿ?" ಎಂದ. ನಾನು ತಲೆಯಾಡಿಸಿದೆ. "ನನ್ನ ಮಗಳು ಐದು ವರ್ಷಕ್ಕ ಬಾಯಿ ತೆಗದ್ಳು. ಈಗ ಅಳಿಯಗ ಮಾತಾಡಾಕ ಜಾಗಾನೇ ಬಿಟ್ಟಿಲ್ಲ." ಗಾಡಿಯ ಒಳಗೆ ಬಗ್ಗಿ, ಸಿದ್ದುವಿನ ಗಲ್ಲ ಹಿಂಡಿ, "ಹಿಟ್ಟು ನೋಡೋದು ನನ್ನ ನೌಕರಿ ಅಲ್ಲರಿ. ಬಿಸಿಲು ಏರ್ತದ, ಗಾಡಿ ಹೊಡೀರಿ" ಎಂದ. ಆತನ ಹೆಸರನ್ನು ಕೇಳಿಕೊಳ್ಳುವಷ್ಟು ಎಚ್ಚರವೂ ನನಗಿರಲಿಲ್ಲ.

ಊರು ಮುಟ್ಟಿದಾಗ ಅತ್ತೆ ಓಡಿ ಬಂದು ಮೊಮ್ಮಗನನ್ನು ಎತ್ತಿಕೊಂಡರು. ದಾರಿಯುದ್ದಕ್ಕೂ ಹೆಂಡತಿ ಮಗ ಏನೇನೋ ಮಾತಾಡಿಕೊಂಡಿದ್ದರು; ನನ್ನ ಹತ್ತಿರ ಮಾತ್ರ ಅವನು ಸುಳಿದಿರಲಿಲ್ಲ. ಅಜ್ಜಿ "ಏನಪಾ ನಮ್ಮ ಸಿದ್ದು, ಏನಂತಿ?" ಎಂದು ಕೇಳಿದಾಗ ಅವನು ನನ್ನ ಕಡೆ ಬೆರಳು ತೋರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದ:

"ನಾ ಮೂಕ ಅಲ್ಲ. ಅಪ್ಪ ಸುಳ್ಳ ಹೇಳ್ಯಾನ."

ಅತ್ತೆ ನನ್ನ ಮುಖ ನೋಡಿದರು. ದಿನಕ್ಕೆ ಐದು ತಾಸು ಮಾತಾಡಿ ಸಂಬಳ ಎಣಿಸುವ ಮಾಸ್ತರ ನಾನು. ಎಷ್ಟು ಹುಡುಕಿದರೂ ಬಾಯಿಗೆ ಒಂದು ಅಕ್ಷರ ಬರಲಿಲ್ಲ. ಸಿದ್ದು ಸ್ವಲ್ಪ ಹೊತ್ತು ಕಾದು ನೋಡಿದ. ಆಮೇಲೆ, ಅವಸರವೇನೂ ಇಲ್ಲ ಎನ್ನುವಂತೆ, ಅಜ್ಜಿಯ ಕಂಕುಳಿನಿಂದ ಇಳಿದು ಆಡಲು ಹೋದ.