ಮರ ಕೊಯ್ಯುವ ಮಿಷಿನ್ನೂ ಮುಯ್ಯಾಳೂ

ಯಾರ ಹಂಗೂ ಇಲ್ಲದೆ ಬದುಕಬೇಕು ಎನ್ನುವುದು ಹೇಳಲಿಕ್ಕೆ ಚೆಂದ. ಹೇಳುವಾಗ ಎದೆ ಉಬ್ಬುತ್ತದೆ. ಹಾಗೆ ಬದುಕತೊಡಗಿದ ಮೇಲೆ ಉಬ್ಬಿದ ಎದೆಯನ್ನು ನೋಡುವುದಕ್ಕೂ ಯಾರೂ ಇರುವುದಿಲ್ಲ. ನನಗಿದು ತಿಳಿದದ್ದು ಪೆಟ್ರೋಲ್ ಗರಗಸ ಕೊಂಡ ಮೇಲೆ. ಬಂಡಳ್ಳಿಯ ಹೊರಗೆ ತೋಟದ ಮನೆಯಲ್ಲಿ ನಾನೊಬ್ಬನೇ ಇದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಬಾಯಿ ಬಿಡುವುದು ಕುಕ್ಕರ್ ಮಾತ್ರ, ಅದೂ ಅನ್ನವಾದ ಮೇಲೆ ಸುಮ್ಮನಾಗುತ್ತದೆ.

ಮೊದಲು ನನ್ನಲ್ಲಿ ಎರಡು ಹಿಡಿಯ ಗರಗಸವಿತ್ತು. ಒಂದು ಹಿಡಿ ನನ್ನದು, ಇನ್ನೊಂದು ಪಕ್ಕದ ಹೊಲದ ಪುಟ್ಟಮಾದಪ್ಪನದು. ಅವನು ನನ್ನ ಸೌದೆ ಕೊಯ್ದುಕೊಟ್ಟರೆ, ಅವನು ಅರಿಸಿನ ಬೇಯಿಸುವಾಗ ನಾನು ಹೋಗಿ ಒಲೆ ಉರಿಸಬೇಕು. ಕೂಲಿಯ ಮಾತಿಲ್ಲ, ಕೆಲಸಕ್ಕೆ ಕೆಲಸ. ಮುಯ್ಯಾಳು ಎಂದರೆ ಅಷ್ಟೇ. ಒಂದು ಸಲ ಅವನು ಇವತ್ತು ನಾಳೆ ಎಂದು ಸತಾಯಿಸಿದ. ನನಗೋ ಮೂಗಿನ ತುದಿಯಲ್ಲೇ ಕೋಪ. ಕೊಳ್ಳೇಗಾಲಕ್ಕೆ ಹೋಗಿ ಮಿಷಿನ್ ತಂದು, "ಇನ್ನು ನಿನ್ ಮುಯ್ಯಿ ಬ್ಯಾಡ ಕಣ್ಲಾ" ಎಂದುಬಿಟ್ಟೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಒಳ್ಳೇದಾಯ್ತು ಬುಡಣ್ಣ, ನಂಗೂ ರಟ್ಟೆ ನೋವು" ಎಂದ. ಆ ವರ್ಷ ಅರಿಸಿನ ಬೇಯಿಸುವುದಕ್ಕೆ ಅವನು ನನ್ನನ್ನು ಕರೆಯಲಿಲ್ಲ. ಮುಯ್ಯೇ ಇಲ್ಲದ ಮೇಲೆ ಯಾವ ಬಾಯಲ್ಲಿ ಕರೆದಾನು? ಹೊಗೆ ಏಳುವುದನ್ನು ನಾನು ನನ್ನ ಜಗಲಿಯಿಂದಲೇ ನೋಡಿದೆ.

ಮಿಷಿನ್ನಿನ ಉಪಚಾರ ಬಾಣಂತಿಯ ಉಪಚಾರಕ್ಕಿಂತ ಹೆಚ್ಚು. ಪೆಟ್ರೋಲಿಗೆ ಬೆರೆಸುವ ಆಯಿಲ್ ಬೇರೆ, ಚೈನಿಗೆ ಬಿಡುವ ಆಯಿಲ್ ಬೇರೆ. ಚೈನ್ ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಕಾಯುತ್ತದೆ. ಅದರ ಒಂದೊಂದು ಹಲ್ಲಿಗೂ ಅರ ತಿಕ್ಕಬೇಕು. ಇದನ್ನೆಲ್ಲ ನಾನು ಗಟ್ಟಿಯಾಗಿ ವಿವರಿಸುತ್ತಾ ಮಾಡುತ್ತೇನೆ, ಕೇಳುವವನೂ ನಾನೇ. ಇಷ್ಟಾದ ಮೇಲೆ, ನಾವಿಬ್ಬರೂ ಹರಟುತ್ತಾ ಇಡೀ ದಿನ ಎಳೆಯುತ್ತಿದ್ದ ದಿಮ್ಮಿಯನ್ನು ಅದು ಕಾಫಿ ಆರುವುದರೊಳಗೆ ಕೊಯ್ದು ಮುಗಿಸುತ್ತದೆ. ಉಳಿದ ದಿನವನ್ನು ಏನು ಮಾಡುವುದೆಂದು ಅಂಗಡಿಯವನು ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಮಿಷಿನ್ ಜೊತೆ ಬಂದ ಪುಸ್ತಕವೇ ಕೈ ಹಿಡಿಯಿತು. ಒಬ್ಬರೇ ಇದ್ದಾಗ ನಡೆಸಕೂಡದು, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಬ್ಬರು ಇರಬೇಕು ಎಂದು ಅದರಲ್ಲಿತ್ತು. ಆಗಲೇ ಪುಸ್ತಕ ಹಿಡಿದು ಪುಟ್ಟಮಾದಪ್ಪನ ಮನೆಗೆ ಹೋದೆ.

"ಕಂಪ್ನಿಯೋರೇ ಏಳವ್ರೆ ಕಣ್ಲಾ, ನಂದೇನಿಲ್ಲ."

"ಆ ಸದ್ದಲ್ಲಿ ನೀನು ಕೂಗುದ್ರೆ ನಂಗೆಲ್ಲಿ ಕೇಳ್ತದಣ್ಣ?" ಎಂದ. ಆದರೂ ಬಂದು ಬದುವಿನ ಮೇಲೆ ಕುಳಿತ.

ಅವನು ಹೇಳಿದ್ದು ಸರಿಯಾಗಿತ್ತು. ಮಿಷಿನ್ ಅರಚುತ್ತಿರುವಾಗ ಒಂದು ಮಾತೂ ಸಾಧ್ಯವಿಲ್ಲ. ಆದರೆ ಎರಡನೆಯ ದಿಮ್ಮಿಗೆ ಹೋಗುವಾಗ ನಾನು ಚೋಕ್ ತೆಗೆಯುವುದನ್ನು ಮರೆತು ಹಗ್ಗ ಎಳೆದೂ ಎಳೆದೂ ಪ್ಲಗ್ ಪೆಟ್ರೋಲಿನಲ್ಲಿ ನೆಂದುಹೋಯಿತು. ಅದನ್ನು ಬಿಚ್ಚಿ, ಒರೆಸಿ, ಒಣಗಲು ಬಿಟ್ಟು ಕುಳಿತೆವು. ಅವನ ಎಮ್ಮೆ ಹಾಲು ಬತ್ತಿಸಿಕೊಂಡದ್ದು, ಮಾರ್ಟಳ್ಳಿಯ ಬೀಗರು ಜಗಳ ಬಂದರೆ ತಮಿಳಿಗೆ ತಿರುಗಿಬಿಡುವುದು, ಎಲ್ಲವೂ ಮಾತಿಗೆ ಬಂತು. ಮಿಷಿನ್ ಕೆಟ್ಟದ್ದಕ್ಕೆ ಅಷ್ಟು ಖುಷಿಪಟ್ಟವನು ಇಡೀ ಹನೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮುಂದಿನ ಸಲವೂ ಚೋಕ್ ಮರೆತೆ. ಅದರ ಮುಂದಿನ ಸಲವೂ ಮರೆತೆ.

ನಿನ್ನೆ ಮಾತ್ರ ಹಾಳು ಮಿಷಿನ್ ಮೊದಲ ಎಳೆತಕ್ಕೇ ಚಾಲೂ ಆಯಿತು. ನಾನು ಗಾಬರಿಯಿಂದ ಆಫ್ ಮಾಡಿದೆ.

"ಸ್ಟಾರ್ಟ್ ಆಯ್ತಲ್ಲಣ್ಣ?"

"ಸದ್ದು ಸರಿಯಿಲ್ಲ ಕಣ್ಲಾ" ಎಂದು ಪ್ಲಗ್ ಬಿಚ್ಚತೊಡಗಿದೆ.

ಸೂರು ಮುಟ್ಟುವಂತೆ ನಾನು ಪೇರಿಸಿದ್ದ ಸೌದೆಯನ್ನು ಪುಟ್ಟಮಾದಪ್ಪ ನೋಡಿದ. "ಗ್ಯಾಸಲ್ಲಿ ಒಬ್ರಿಗೆ ಅನ್ನ ಮಾಡ್ಕಳೋನ್ಗೆ ಇಷ್ಟು ಸೌದೆ ಯಾತಕ್ಕಣ್ಣ?"

ನಾನು ತಲೆ ತಗ್ಗಿಸಿ ಪ್ಲಗ್ ತಿರುಗಿಸುತ್ತಲೇ ಇದ್ದೆ. ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಬದುವಿನಿಂದ ಇಳಿದು ಬಂದು ನನ್ನ ಪಕ್ಕ ಕುಳಿತು ಕೈ ಚಾಚಿದ. "ತಾ ಇಲ್ಲಿ, ಒರಸ್ತೀನಿ."

ಪ್ಲಗ್ ಒಣಗಿಯೇ ಇತ್ತು, ಕಸವೂ ಇರಲಿಲ್ಲ. ಸಂಜೆಯ ತನಕ ಒರೆಸಿದೆವು.