ಗುರುಗುಂಟಾ ಮಾವನ ಗಿಡ್ಡ ಜೀಪು

ನನ್ನ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ಜನ ಹೇಳುವುದು ಶುದ್ಧ ಸುಳ್ಳು. ತಲೆ ಸರಿಯಾಗಿಯೇ ಇದೆ. ಸದಾ ಬಾನೆಟ್ಟಿನ ಒಳಗಿರುವುದರಿಂದ ಜನರಿಗೆ ಕಾಣುವುದಿಲ್ಲ, ಅಷ್ಟೇ!

ಮಾವ ಇರುವುದು ಗುರುಗುಂಟಾದಲ್ಲಿ. ಅವನ ಅಕ್ಕ, ಅಂದರೆ ನನ್ನ ಅವ್ವ, ನಮ್ಮೊಡನೆ ಸಿಂಧನೂರಿನಲ್ಲಿ. ಅವ್ವನಿಗೆ ಮೊಣಕಾಲು ಮಡಚಿ ಮೆಟ್ಟಿಲು ಹತ್ತಲಾಗದು. ಒಮ್ಮೆ ಲಿಂಗಸುಗೂರು ಬಸ್ಸಿಗೆ ಇಬ್ಬರು ಗಂಡಸರು ರಟ್ಟೆ ಹಿಡಿದು ಅವಳನ್ನು ಎತ್ತಿ ಹಾಕಿದರು. ಅಂದಿನಿಂದ ಅವಳದು ಒಂದೇ ಮಾತು: "ಜ್ವಾಳದ ಚೀಲದಂಗ ಎತ್ತಿಸ್ಕೊಂಡು ತವರಿಗೆ ಹೋಗಂಗಿಲ್ಲ." ಈಗ ಮಾವನ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಗಿತ್ತು. ಅವ್ವ ಕುಬಸದ ಸೀರೆ ಆರಿಸಿಟ್ಟು, "ನೀವ ಒಯ್ದು ಕೊಡ್ರಿ" ಎಂದು ಗೋಡೆಯತ್ತ ಮುಖ ಮಾಡಿ ಮಲಗಿದಳು.

ಮಾವನಿಗೆ ಇದರ ಚಿಂತೆ ಇದ್ದಂತೆ ಕಾಣಲಿಲ್ಲ. ಅವನಿಗೆ ಇದ್ದದ್ದು ಹಳೆಯ ಡೀಸೆಲ್ ಜೀಪಿನ ಪಿಕಪ್ಪಿನ ಚಿಂತೆ. ಸಿಕ್ಕವರಿಗೆಲ್ಲ ಪಾಠ ಬೇರೆ.

"ಪೆಟ್ರೋಲಿಗೆ ಕಿಡಿ ಬೇಕಲೇ. ಡೀಸೆಲ್ಲಿಗೆ ಬ್ಯಾಡ. ಗಾಳಿನ ಒತ್ತಿ ಒತ್ತಿ ಇಟ್ರ ಅದ ಕಾಯ್ತದ. ಮ್ಯಾಲ ಎರಡು ಹನಿ ಡೀಸೆಲ್ ಚಿಮ್ಮಿದ್ರ ತಾನ ಹತ್ಕೊಂತದ. ನಿಮ್ಮತ್ತಿ ಸಿಟ್ಟು ಇದ್ದಂಗ, ಕಡ್ಡಿ ಗೀರೋದ ಬ್ಯಾಡ!"

ಒಳಗೆ ಅತ್ತೆ ಕೆಮ್ಮಿದಳು. ಪಾಠ ಮುಗಿಯಿತು.

ಎಂಜಿನ್ನಿಗೆ ಉಸಿರು ಹೆಚ್ಚಾದರೆ ಪಿಕಪ್ ಹೆಚ್ಚು ಎಂಬುದು ಅವನ ಮೊದಲ ಸಿದ್ಧಾಂತ. ಗಾಳಿ ಸೋಸುವ ಡಬ್ಬಿಯನ್ನೇ ಕಿತ್ತು, ಬಾಯಿ ತೆರೆದ ಫಿಲ್ಟರ್ ಹಾಕಿಸಿ, ಸುಗ್ಗಿಯಲ್ಲಿ ಸಿಂಧನೂರಿನ ಅಕ್ಕಿ ಗಿರಣಿಗಳ ರಸ್ತೆಗೆ ಬಂದ. ಆ ದಿನಗಳಲ್ಲಿ ಅಲ್ಲಿ ಮನುಷ್ಯರೇ ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಜೀಪಿಗೆ ಯಾರು ಸುತ್ತಬೇಕು? ಗಿರಣಿಯ ಮುಂದೆ ಕೆಮ್ಮಿ ನಿಂತಿತು. ಪಕ್ಕದ ಗ್ಯಾರೇಜಿನ ಮಿಸ್ತ್ರಿ ಚಾಚಾ ಫಿಲ್ಟರ್ ಬಿಚ್ಚಿ ಕೊಡವಿ ಗಂಭೀರವಾಗಿ ಕೇಳಿದ: "ಇಷ್ಟು ತೌಡು ತುಂಬೀರಲ್ರೀ, ಒಳಗ ಎಮ್ಮಿ ಕಟ್ಟೀರೇನು?"

ಒಳಗೆ ಹೋದ ಉಸಿರು ಸಲೀಸಾಗಿ ಹೊರಗೂ ಬರಬೇಕೆಂಬುದು ಎರಡನೆಯದು. ಸೈಲೆನ್ಸರ್ ಹೋಗಿ ಅಗಲವಾದ ಕೊಳವೆ ಬಂತು. ಜವಳಗೇರಾ ಹತ್ತಿರ ರೈತನೊಬ್ಬ ಕೈ ಬೀಸುತ್ತ ಗದ್ದೆಯಿಂದ ಓಡಿ ಬಂದ. ಮಾವ ಹೆಮ್ಮೆಯಿಂದ ನಿಲ್ಲಿಸಿದ. ಆತ ಜೀಪಿನ ಹಿಂದೆ ಮುಂದೆ ನೋಡಿ, "ಭತ್ತ ಕೊಯ್ಯೋ ಮಿಷಿನ್ ಬಂತಂತ ಮಾಡಿದ್ನಿರೀ" ಎಂದು ಬೇಜಾರಿನಿಂದ ಹಿಂದಿರುಗಿದ.

ಇಷ್ಟಾದರೂ ಬುದ್ಧಿ ಬಂತೇ? ಒಂದು ದಿನ ನಮ್ಮ ಮನೆಗೆ ಬಂದವನೇ ಅಂಗಳದ ಕಟ್ಟೆಯನ್ನು ಗೇಣು ಹಾಕಿ ಅಳೆದ. ಯಾಕೆಂದು ಕೇಳಿದರೆ, "ಕೈ ಸುಮ್ನ ಇರಂಗಿಲ್ಲ" ಎಂದ. ಅವ್ವ ಸಂಜೆ ಕೂರುವುದು ಅಲ್ಲೇ, ತಾನಾಗಿ ಏಳುವುದೂ ಅದೊಂದೇ ಜಾಗದಿಂದ. ವಾರ ಕಳೆಯುವುದರಲ್ಲಿ ಜೀಪಿನಡಿಯ ಬಾಗಿದ ಸ್ಪ್ರಿಂಗ್ ಪಟ್ಟಿಗಳು ಹೋಗಿ ಚಪ್ಪಟೆಯವು ಬಂದವು. ಗಾಲಿ ಸಣ್ಣವಾದವು, ಸೀಟಿನ ಕಾಲೂ ಮೋಟಾದವು. ಲೋಕವೆಲ್ಲ ಜೀಪು ಎತ್ತರಿಸಿದರೆ ನಮ್ಮವನು ನೆಲಕ್ಕೆ ಇಳಿಸಿದ!

"ಗಾಡಿ ನೆಲಕ್ಕ ಹತ್ತಿದ್ರ ತಿರುವಿನ್ಯಾಗ ವಾಲಂಗಿಲ್ಲ."

"ಮಾವ, ಮಸ್ಕಿ ರೋಡಿನ್ಯಾಗ ತಿರುವು ಎಲ್ಲದಾವ?"

"ಮುಂದ ಮಾಡ್ತಾರ."

ರೋಡ್ ಹಂಪ್ ಬಂದಾಗಲೆಲ್ಲ ಹೊಟ್ಟೆ ಉಜ್ಜಿ ಜೀಪು ನಿಲ್ಲುತ್ತಿತ್ತು. ಕೂತವರು ಇಳಿದು, ಆಚೆ ನಡೆದು, ಮತ್ತೆ ಹತ್ತುವುದು ಅದರ ಪದ್ಧತಿಯಾಯಿತು.

ಕುಬಸದ ದಿನ ಮಾವ ಜೀಪನ್ನು ತಂದು, ಅವ್ವ ಕೂತಿದ್ದ ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಸೀಟೂ ಕಟ್ಟೆಯೂ ಸಮಸಮ. ಗೇಣು ಹಾಕಿದ್ದೇಕೆಂದು ನನಗೆ ಆಗ ಹೊಳೆಯಿತು. ಮಾವ ಅವ್ವನ ಮುಖ ನೋಡದೆ ಬಾನೆಟ್ಟಿನೊಳಗೆ ತಲೆಯಿಟ್ಟು, "ಅಕ್ಕ, ಭಾರ ಇಲ್ದ ಪಿಕಪ್ ತಿಳಿಯಂಗಿಲ್ಲ. ಸುಮ್ನ ಕುಂಡ್ರು" ಎಂದ.

ಅವ್ವ ಕೂತಲ್ಲಿಂದಲೇ ಸರಿದಳು. ಸರಿದು ಸೀಟಿನಲ್ಲಿ ಕೂತಳು. ಯಾರೂ ರಟ್ಟೆ ಹಿಡಿಯಲಿಲ್ಲ.

ದಾರಿಯುದ್ದಕ್ಕೂ ಹಂಪ್ ಬಂದಾಗ ನಾವೆಲ್ಲ ಇಳಿದೆವು. ಮಾವನೂ ಇಳಿದು ಹೊರಗಿನಿಂದಲೇ ಸ್ಟೀರಿಂಗ್ ಹಿಡಿದ, ನಾವು ತಳ್ಳಿದೆವು. ಅವ್ವ ಮಾತ್ರ ಇಳಿಯಲಿಲ್ಲ. ಲಿಂಗಸುಗೂರಿನಲ್ಲಿ ಎತ್ತಿನ ಬಂಡಿಯೊಂದು ನಮ್ಮನ್ನು ಹಿಂದೆ ಹಾಕಿತು.

ಗುರುಗುಂಟಾದ ಮನೆ ಮುಂದೆ ಮೊದಲು ಕಟ್ಟೆಯೇ ಇರಲಿಲ್ಲ. ಈಗ ಹೊಸದೊಂದಿತ್ತು, ಅದೇ ಎತ್ತರದ್ದು. ಅವ್ವ ಜೀಪಿನಿಂದ ಅದರ ಮೇಲೆ ಸರಿದು ಕೂತು ಸಿಮೆಂಟಿನ ಮೇಲೆ ಕೈಯಾಡಿಸಿದಳು.

"ಪಿಕಪ್ ಹೆಂಗದ ಅಕ್ಕ?" ಮಾವ ಬಾನೆಟ್ ಎತ್ತುತ್ತ ಕೇಳಿದ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾಳ ಜೋರದ ತಮ್ಮಾ. ಇಷ್ಟು ಲಗೂನ ತವರಿಗೆ ಎಂದೂ ಬಂದಿದ್ದಿಲ್ಲ."