ನಲ್ಲಿಗಾಗಿ ಹಾಕಿದ ವೋಟು

ವೋಟು ಹಾಕಿ ಬಂದ ಸಂಜೆ ಎದೆ ಉಬ್ಬಿಸಿಕೊಂಡು ಓಡಾಡುವುದು, ಆರು ತಿಂಗಳು ಕಳೆದ ಮೇಲೆ ಹಣೆ ಹಣೆ ಚಚ್ಚಿಕೊಳ್ಳುವುದು ನಮ್ಮ ಬೀದಿಯ ವಾಡಿಕೆ. ಎಲ್ಲ ಸಲದಂತೆ ಆಗಿದ್ದರೆ ನಾನೂ ನಾಲ್ಕು ಜನರ ಜೊತೆ ಚಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಐವತ್ತರ ದಶಕದ ಆ ಒಂದು ಚುನಾವಣೆಯಲ್ಲಿ ಬೀದಿಗೆ ಬೀದಿಗೇ ಬುದ್ಧಿ ಹೇಳಿ ವೋಟು ಹಾಕಿಸಿದವನು ನಾನೇ.

ರಾಜಾಜಿನಗರ ಆಗಿನ್ನೂ ಹೊಸದು. ನಾನು ಒಂದು ಖಾಸಗಿ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ನಮ್ಮದು ಕುರುಬರಹಳ್ಳಿ ಕಡೆಗೆ ಕೊನೆಯ ಬೀದಿ. ಮನೆಗಳಿದ್ದವು, ಮನೆಗಳಿಗೆ ನಂಬರಿತ್ತು, ನೀರಿರಲಿಲ್ಲ. ಹೆಂಗಸರು ದೂರದ ಬಾವಿಯಿಂದ ಹೊತ್ತು ತರಬೇಕಿತ್ತು. ವಾರ್ಡಿನ ಮೆಂಬರು ವರ್ಷಗಟ್ಟಲೆ “ಆಗಲ್ಲ” ಅನ್ನುತ್ತಿದ್ದರು. ಅವರ ಎದುರು ನಿಂತ ಹೊಸಬರು “ಆರು ತಿಂಗಳಲ್ಲಿ ಬೀದಿಗೆ ನಲ್ಲಿ” ಅಂದರು. ನಾನು ನಂಬಿದೆ, ಮನೆಮನೆಗೂ ಹೋಗಿ ನಂಬಿಸಿದೆ. ಅದೂ ಸಾಲದೆಂದು, ಮುಂದಿನ ಬೇಸಿಗೆಗೆ ತಂಗಿಯ ಮದುವೆಯನ್ನು ಮನೆ ಮುಂದೆಯೇ ಚಪ್ಪರ ಹಾಕಿ ಮಾಡಿಕೊಡುತ್ತೇನೆಂದು ಬೀಗರಿಗೆ ಮಾತು ಕೊಟ್ಟೆ. ಹೊಸಬರು ಗೆದ್ದರು. ಅಂದಿನಿಂದ ಬೀದಿಯ ಬಾಯಲ್ಲಿ ಗೆದ್ದವರು ಹೊಸ ಸರ್ಕಾರ, ಸೋತವರು ಹಳೇ ಸರ್ಕಾರ. ನಾನು ಎರಡೂ ಕಡೆಯಿಂದ ಬೈಸಿಕೊಳ್ಳುವವನು.

ಪೆಟ್ಟಿಗೆಯ ಮುಂದೆ

ಆಗ ಒಬ್ಬೊಬ್ಬ ಉಮೇದುವಾರರಿಗೂ ಒಂದೊಂದು ಪೆಟ್ಟಿಗೆ. ಮೇಲೆ ಅವರವರ ಗುರುತಿನ ಚಿತ್ರ. ಯಾರು ಬೇಕೋ ಅವರ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಹೊಸಬರದು ಕೊಡದ ಗುರುತು. ಪಕ್ಕದ ಮನೆ ಅಜ್ಜಿಗೆ ನಾನು ಒಂದಲ್ಲ ಹತ್ತು ಸಲ ಹೇಳಿಕೊಟ್ಟಿದ್ದೆ: “ಅಜ್ಜಿ, ಕೊಡ ನೋಡಿ ಹಾಕಿ. ನೀರು ಬರುತ್ತೆ.”

ವೋಟಿನ ದಿನ ಅಜ್ಜಿ ಮಡಿಯುಟ್ಟು ಪರದೆಯ ಹಿಂದೆ ಹೋದರು. ಹೋದವರು ಬರಲೇ ಇಲ್ಲ. ಹೊರಗೆ ಸಾಲು ಬೆಳೆಯಿತು. ಚೀಟಿಯನ್ನು ಬೇರೆ ಪೆಟ್ಟಿಗೆಗೆ ಹಾಕಿಬಿಟ್ಟರೋ ಏನೋ ಎಂದು ನನಗೆ ದಿಗಿಲು. ಅಧಿಕಾರಿಗಳು ಇಣುಕಿ ನೋಡಿದರೆ, ಕೊಡದ ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಅಜ್ಜಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾರೆ.

“ಏನಮ್ಮಾ, ವೋಟು ಹಾಕಿದ್ದಾಯ್ತಾ?” ಎಂದರು ಅಧಿಕಾರಿಗಳು.

“ಅದಾಯ್ತಪ್ಪ. ಕಡ್ಡಿಪೆಟ್ಟಿಗೆ ಇದ್ರೆ ಕೊಡು, ಮಂಗಳಾರತಿ ಒಂದು ಬಾಕಿ.”

ಗೌಡರ ವೋಟು

ಆರು ತಿಂಗಳಾಯಿತು, ನಲ್ಲಿ ಬರಲಿಲ್ಲ. ನಮ್ಮ ವಾರ್ಡಿಗೇ ಸೇರಿದ ಕುರುಬರಹಳ್ಳಿಯಿಂದ ನಮ್ಮ ಬೀದಿಗೆ ಹಾಲು ಹಾಕುತ್ತಿದ್ದ ಗೌಡರು ಒಂದು ಬೆಳಗ್ಗೆ ಹಾಲು ಅಳೆದು ಕೊಟ್ಟ ಮೇಲೂ ಜಗಲಿ ಬಿಟ್ಟು ಏಳಲಿಲ್ಲ.

“ಮೇಷ್ಟ್ರೇ, ನಾ ಕೊಟ್ಟ ಹಾಲು ಒಡೆದ್ರೆ ವಾಪಸ್ ತಗೋತೀನೋ ಇಲ್ವೋ?”

“ತಗೋತೀರಿ ಗೌಡ್ರೇ. ಯಾಕೆ?”

“ಹಂಗೇ ನನ್ ವೋಟು ವಾಪಸ್ ಕೊಡ್ಸಿ. ನೀವು ಹೇಳಿದ್ರಿ ಅಂತ ಹಾಕ್ದೆ. ಅದು ಒಡೆದೋಯ್ತು.”

ಹಾಕಿದ ವೋಟು ತಿರುಗಿ ಬರುವುದಿಲ್ಲ, ಅವಧಿ ಮುಗಿಯುವ ತನಕ ಕಾಯಬೇಕು ಎಂದು ಮಕ್ಕಳಿಗೆ ಪಾಠ ಹೇಳಿದ ಹಾಗೆ ಬಿಡಿಸಿ ಹೇಳಿದೆ. ಗೌಡರು ಎಲ್ಲ ಕೇಳಿ ನಿಟ್ಟುಸಿರುಬಿಟ್ಟರು. ಹಳ್ಳಿಯಲ್ಲಿ ಸ್ವಂತ ಬಾವಿ ಇರುವ ಮನುಷ್ಯನಿಗೆ ನಮ್ಮ ಬೀದಿಯ ನಲ್ಲಿಯ ಮೇಲೆ ಇಷ್ಟು ವ್ಯಥೆ ಏಕೆಂದು ನನಗೆ ತಿಳಿಯಲಿಲ್ಲ. ಕೇಳಿಯೇಬಿಟ್ಟೆ.

“ಊರಲ್ಲೇ ಬೆರೆಸಿ ಹೊತ್ಕೊಂಡು ಬರೋಕೆ ಭಾರ ಆಯ್ತದೆ ಸ್ವಾಮಿ,” ಎಂದರು ಗೌಡರು. “ನಿಮ್ ಬೀದೀಲೇ ಸಿಕ್ತದೆ ಅಂತ ನಂಬ್ಕೊಂಡು ಆರು ತಿಂಗಳಿಂದ ಗಟ್ಟಿ ಹಾಲು ಕೊಟ್ಟೂ ಕೊಟ್ಟೂ ಸೋತೋದೆ.”

ಮೋರಿಕಟ್ಟೆಯ ಮೇಲೆ

ಸಂಜೆ ಹೊತ್ತು ಬೀದಿಯ ಗಂಡಸರೆಲ್ಲ ಮೋರಿಕಟ್ಟೆಯ ಮೇಲೆ ಕೂರುತ್ತಿದ್ದರು. ಅಲ್ಲಿ ಎರಡು ಸರ್ಕಾರಗಳನ್ನೂ ಒರೆಗೆ ಹಚ್ಚುತ್ತಿದ್ದವರು ಎದುರು ಮನೆಯ ರಿಟೈರ್ಡ್ ಹೆಡ್ ಕ್ಲಾರ್ಕು. ನಾನು ಸ್ಕೂಲಿನಿಂದ ಬರುವಾಗ ತಲೆ ತಗ್ಗಿಸಿಕೊಂಡು ಗೋಡೆಯ ಪಕ್ಕ ಸರಿಯುತ್ತಿದ್ದೆ. ಆದರೂ ಕರೆಯುತ್ತಿದ್ದರು.

“ಬನ್ನಿ ಮೇಷ್ಟ್ರೇ. ಹಳೇ ಸರ್ಕಾರದ ಮನೆಗೆ ಹೋದ್ರೆ ಕೂರಿಸಿ, ಕಾಫಿ ಕೊಟ್ಟು, ಆಗಲ್ಲ ಅಂತಿದ್ರು. ನಿಮ್ಮ ಹೊಸ ಸರ್ಕಾರ ಬಾಗಿಲಲ್ಲೇ ನಿಲ್ಲಿಸಿ, ಆಗಲಿ ಅಂತಾರೆ. ನೀರು ಎರಡು ಕಡೇನೂ ಇಲ್ಲ. ಕಾಫಿ ಲುಕ್ಸಾನು ಯಾರ ತಲೆ ಮೇಲೆ?”

ಉಳಿದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಹಳಬರ ನಗು, ಹಳಬರ ವಿನಯ, ಹಳಬರು ಮಳೆಗಾಲದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಬೀದಿಗೆ ಬಂದು ಕೆಸರು ನೋಡಿ ಹೋದದ್ದು, ಎಲ್ಲವನ್ನೂ ನೆನೆನೆನೆದು ಕಣ್ಣೀರು ಹಾಕುವುದೊಂದೇ ಬಾಕಿ. ನನಗೆ ರೇಗಿತು.

“ಅಲ್ಲ ಸಾರ್, ಇದೇ ಕಟ್ಟೆ ಮೇಲೆ ಕೂತು ಅವರನ್ನ ಬಾಯಿಗೆ ಬಂದ ಹಾಗೆ ಬೈದೋರು ನೀವೇ ಅಲ್ವೇ?”

ಹೆಡ್ ಕ್ಲಾರ್ಕು ನಶ್ಯ ಏರಿಸಿ ನಿಧಾನವಾಗಿ ಹೇಳಿದರು, “ಆಗ ಹೋಲಿಸಿ ನೋಡೋಕೆ ಇವರಿರಲಿಲ್ಲ, ಕಣ್ರೀ.”

ನಲ್ಲಿ ಬಂತು

ಮದುವೆಗೆ ತಿಂಗಳಿದೆ ಎನ್ನುವಾಗ ನಲ್ಲಿ ಬಂತು. ಅಂದರೆ ನಲ್ಲಿ ಮಾತ್ರ ಬಂತು. ನಮ್ಮ ಮನೆಯ ಮುಂದೆ ಕಲ್ಲಿನ ಕಂಬ ನೆಟ್ಟು, ಅದಕ್ಕೆ ಹಿತ್ತಾಳೆಯ ನಲ್ಲಿ ಕೂರಿಸಿದರು. ಹೊಸ ಮೆಂಬರು ಬಂದು ಹಾರ ಹಾಕಿ ಹೋದರು. ಪೈಪು ಆಮೇಲೆ ಬರುತ್ತದಂತೆ.

ಅದೇ ವಾರ ಏರ್ಪಾಟು ನೋಡಲು ತುಮಕೂರಿನಿಂದ ಗಂಡಿನ ಸೋದರಮಾವ ಬಂದರು. ನಲ್ಲಿಯನ್ನು ಕಂಡು ಮುಖ ಅರಳಿತು. ನಾನು ಬೆವರು ಒರೆಸಿಕೊಳ್ಳುತ್ತ ಒಳಗೆ ಬನ್ನಿ ಎಂದೆ. ಅವರು ಕಾಲು ತೊಳೆದುಕೊಂಡೇ ಬರುತ್ತೇನೆ ಎಂದರು. ನನ್ನ ಹೆಂಡತಿ ಓಡಿ ಬಂದು, “ಇನ್ನೂ ಗಂಗೆ ಪೂಜೆ ಆಗಿಲ್ಲ, ಮುಟ್ಟಬಾರದು” ಎನ್ನುವಷ್ಟರಲ್ಲಿ ತಿರುಗಿಸಿಯೇಬಿಟ್ಟರು. ನಲ್ಲಿಯಿಂದ ಸಾಲಾಗಿ ಇರುವೆಗಳು ಇಳಿದವು.

ಸೋದರಮಾವ ನಲ್ಲಿ ಮುಚ್ಚಿ ಒಳಗೆ ಬಂದರು. ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡರು, ಹೊರಡುವಾಗ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. “ನೋಡಿ ಮೇಷ್ಟ್ರೇ, ನೀರಿಲ್ಲದ ಚಪ್ಪರಕ್ಕೆ ನಮ್ಮಕ್ಕ ದಿಬ್ಬಣ ತರಲ್ಲ. ಆಕೆ ಹಟ ನಿಮಗೆ ಗೊತ್ತಿಲ್ಲ. ನಾನಂತೂ ಇರುವೆ ವಿಷಯ ಹೇಳಲ್ಲ.”

“ನಿಮ್ಮಿಂದ ದೊಡ್ಡ ಉಪಕಾರ ಆಯ್ತು,” ಎಂದೆ.

“ಉಪಕಾರ ಏನು ಬಂತು? ನಮ್ಮ ಬೀದೀಲೂ ಇಂಥದೇ ಒಂದು ನೆಟ್ಟಿದಾರೆ. ಅದನ್ನ ನೆಟ್ಟೋನಿಗೆ ವೋಟು ಹಾಕಿ ಅಂತ ಊರೆಲ್ಲ ಸುತ್ತಿದೋನು ನಾನೇ.”

ಹಳೇ ಸರ್ಕಾರದ ಮನೆ

ಮದುವೆ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು. ತಂಗಿ ದಿನಕ್ಕೊಮ್ಮೆ ಹೊರಗೆ ಬಂದು ನಲ್ಲಿ ತಿರುಗಿಸಿ ನೋಡಿ ಹೋಗುತ್ತಿದ್ದಳು. ಹೊಸ ಮೆಂಬರ ಮನೆಗೆ ಏಳು ಸಲ ಹೋದೆ. ಏಳು ಸಲವೂ ಬಾಗಿಲಲ್ಲೇ “ಆಗಲಿ” ಅಂದರು.

ಮೂರು ದಿನ ಉಳಿದಾಗ ಮಾನ ಮರ್ಯಾದೆ ಬದಿಗಿಟ್ಟು ಹಳೇ ಮೆಂಬರ ಮನೆಗೇ ಹೋದೆ. ಹೊಲದ ಕಡೆಗಿದ್ದ ಆ ಮನೆಯ ಹಿತ್ತಲಲ್ಲಿ ದೊಡ್ಡ ಬಾವಿ ಇತ್ತು. ಅವರು ಬರಿಮೈಯಲ್ಲಿ ಬದನೆ ಗಿಡಕ್ಕೆ ನೀರು ಹಾಯಿಸುತ್ತಿದ್ದರು. ನಾನು ತಲೆ ತಗ್ಗಿಸಿ, ಬೀದಿಗೆ ಬೀದಿಯನ್ನೇ ತಮ್ಮ ವಿರುದ್ಧ ಎತ್ತಿಕಟ್ಟಿದವನು ನಾನೇ, ತಪ್ಪಾಯಿತು ಎಂದೆ. ಅವರು ಕಾಫಿ ತರಿಸಿದರು. ಮದುವೆ ಯಾವತ್ತು ಎಂದಷ್ಟೇ ಕೇಳಿದರು.

ಮದುವೆಯ ದಿನ ಬೆಳಕು ಹರಿಯುವ ಹೊತ್ತಿಗೆ ನೀರಿನ ಪೀಪಾಯಿ ಹೇರಿದ ಮೂರು ಎತ್ತಿನ ಗಾಡಿಗಳು ಚಪ್ಪರದ ಮುಂದೆ ನಿಂತವು. ಮೊದಲ ಗಾಡಿಯನ್ನು ಅವರೇ ಹೊಡೆದುಕೊಂಡು ಬಂದಿದ್ದರು. ಅಡುಗೆಯವರು ಹಂಡೆ ತುಂಬಿಕೊಂಡರು. ದಿಬ್ಬಣ ಬಂತು, ಗಂಡಿನ ತಾಯಿ ಕೈಕಾಲು ತೊಳೆದು ನಗುತ್ತ ಒಳಗೆ ಬಂದರು, ತಂಗಿಯ ಕೊರಳಿಗೆ ತಾಳಿ ಬಿತ್ತು. ನಾನು ಚಪ್ಪರದ ಕಂಬಕ್ಕೆ ಒರಗಿ ಅತ್ತುಬಿಟ್ಟೆ.

ಊಟವಾದ ಮೇಲೆ ಹೆಡ್ ಕ್ಲಾರ್ಕು ಬೀದಿಯ ಹಿರಿಯರನ್ನೆಲ್ಲ ಕಟ್ಟಿಕೊಂಡು ಹಳೇ ಮೆಂಬರ ಮುಂದೆ ಹೋಗಿ ಕೈಮುಗಿದರು. “ಬುದ್ಧಿ ಬಂತು ಸ್ವಾಮಿ. ಮುಂದಿನ ಸಲ ನೀವೇ ನಿಲ್ಲಬೇಕು. ಒಂದು ವೋಟೂ ಆಚೆ ಹೋಗಲ್ಲ.”

ಅಷ್ಟು ಹೊತ್ತು ನಗುನಗುತ್ತ ಇದ್ದ ಹಳೇ ಮೆಂಬರ ಮುಖ ಬಿಳುಚಿಕೊಂಡಿತು. ಬಾಯಲ್ಲಿದ್ದ ವೀಳ್ಯ ಉಗಿದು ಬಂದರು.

“ಬೇಡ ಕಣ್ರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಮೆಂಬರಾಗಿದ್ದಾಗ ಒಂದು ಕೊಡ ನೀರಿಗೂ ಅರ್ಜಿ ಬೇಕಿತ್ತು, ಸಭೆ ಆಗಬೇಕಿತ್ತು, ಮೇಲಿನವರು ಒಪ್ಪಬೇಕಿತ್ತು. ಈಗ ಎತ್ತು ಒಪ್ಪಿದ್ರೆ ಸಾಕು.”

“ಹಾಗಂದ್ರೆ ಹೇಗೆ? ಹೋದ ಸಲ ಈ ಮೇಷ್ಟ್ರ ಮಾತು ಕೇಳಿ ಮೋಸ ಹೋದ್ವಿ,” ಎಂದು ಹೆಡ್ ಕ್ಲಾರ್ಕು ನನ್ನ ಕಡೆ ಬೆರಳು ತೋರಿಸಿದರು.

ಹಳೇ ಮೆಂಬರು ನನ್ನ ಹೆಗಲ ಮೇಲೆ ಕೈ ಹಾಕಿದರು.

“ಮೇಷ್ಟ್ರನ್ನ ಯಾಕೆ ಬೈತೀರಿ? ಅವರ ಮಾತು ಕೇಳಿ ನಾನೂ ಹೊಸಬರ ಪೆಟ್ಟಿಗೆಗೇ ಹಾಕಿದ್ದು.”